ಯಾವ ಮಗ್ಗಲಿಗೆ ಹೊರಳಿದಾಗ?

ಎರಡು ವರ್ಷದ ಹಿಂದೆ, ಮಾಗಿಯ ಚಳಿಯಲ್ಲಿ ಒಂದು ನಸುಕು. ಗದಗ ಬಳಿಯ ಬಿಂಕದಕಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮಲಗಿದ್ದ ಅವ್ವ ಏಳಲೆಂದು ಬಲಮಗ್ಗಲಿಗೆ ಹೊರಳಿದಳು. ಹೊರಳಿದ್ದೇ ತಡ, ಮನೆ ತಿರುಗಿತು. ಜಂತಿ, ಗೋಡೆ, ದೇವರ ಜಗಲಿ ಎಲ್ಲವೂ ಒಂದೇ ದಿಕ್ಕಿಗೆ ಗಿರಗಿರನೆ ಓಡಿದವು. ಹಾಸಿಗೆಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದು "ಬೀಳಾಕತ್ತೇನಿ, ಹಿಡೀರಿ ನನ್ನ" ಎಂದು ಚೀರಿದಳು. ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ಮಲಗಿದವಳು ಬೀಳುವುದಾದರೂ ಎಲ್ಲಿಗೆ? ನಾವು ಓಡಿ ಬರುವಷ್ಟರಲ್ಲಿ ತಿರುಗುವುದು ನಿಂತಿತ್ತು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಆದರೆ ಬೆವರು, ವಾಂತಿ, ಅಂಜಿಕೆ ಇಡೀ ದಿನ ಬಿಡಲಿಲ್ಲ.

ಅಲ್ಲಿಂದ ಮೂರು ತಿಂಗಳು ನಾವು ಅಲೆದೆವು. ಒಂದು ದವಾಖಾನೆಯಲ್ಲಿ "ಬಿ.ಪಿ. ಲೋ ಆಗೈತಿ" ಎಂದು ಸಲಾಯಿನ್ ಹಚ್ಚಿದರು. ಇನ್ನೊಂದರಲ್ಲಿ ಕುತ್ತಿಗೆಯ ಎಕ್ಸ್‌ರೇ ತೆಗೆಸಿ, ಎಲುಬು ಸವೆದಿದೆ, ಸರ್ವೈಕಲ್ ಎಂದು ಕೊರಳಿಗೆ ಪಟ್ಟಾ ಕಟ್ಟಿದರು. ಮತ್ತೊಂದರಲ್ಲಿ ದಿನಕ್ಕೆ ಮೂರರಂತೆ ಗುಳಿಗೆ ಬರೆದರು. ನೆರೆಯವರು ಪಿತ್ತವೆಂದರು, ನಿಶ್ಶಕ್ತಿಯೆಂದರು. ಎಲ್ಲವನ್ನೂ ಅವ್ವ ನಂಬಿಕೆಯಿಂದ ಮಾಡಿದಳು. ತಲೆ ತಿರುಗುವುದು ಮಾತ್ರ ನಿಲ್ಲಲಿಲ್ಲ. ಮಲಗಲು ಅಂಜಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದಳು. ನೆಲುವಿನ ಮೇಲಿನ ಗಡಿಗೆಗೆ ಕತ್ತೆತ್ತುವುದನ್ನು ಬಿಟ್ಟಳು. ಹೊಲಕ್ಕೆ ಹೋಗುವುದಂತೂ ಮುಗಿದೇ ಹೋಯಿತು.

ಕೊನೆಗೆ ಗದಗಿನಲ್ಲಿ ಕಿವಿ ಮೂಗು ಗಂಟಲಿನ ತಜ್ಞರೊಬ್ಬರು ಅವ್ವನನ್ನು ಕೇಳಿದ್ದು ಮೂರೇ ಪ್ರಶ್ನೆ. ಏನು ಮಾಡಿದಾಗ ತಿರುಗುತ್ತದೆ? ತಿರುಗಿದರೆ ಎಷ್ಟು ಹೊತ್ತು ಇರುತ್ತದೆ? ಕಿವಿ ಮಂದವಾಗಿದೆಯೇ, ಒಳಗೆ ಸಪ್ಪಳವಿದೆಯೇ? ಆಮೇಲೆ ಮಂಚದ ಮೇಲೆ ಮಲಗಿಸಿ ತಲೆಯನ್ನು ನಾಲ್ಕು ಸಲ ತಿರುಗಿಸಿದರು. ಐದು ನಿಮಿಷ ಹಿಡಿಯಿತು. ಆ ರಾತ್ರಿ ಅವ್ವ ಮೈಚಾಚಿ ಮಲಗಿದಳು.

ಇದನ್ನು ಪವಾಡವೆಂದು ಹೇಳಲು ನಾನು ಬರೆಯುತ್ತಿಲ್ಲ. ಆ ಐದು ನಿಮಿಷ ಮೊದಲ ದಿನವೇ ಸಿಗಬೇಕಿತ್ತು ಎಂಬುದು ನನ್ನ ವಾದ. ತಲೆ ತಿರುಗಿ ಬಂದವರಿಗೆ ಗುಳಿಗೆಗಿಂತ ಮೊದಲು ಪ್ರಶ್ನೆ ಸಿಗಬೇಕು, ಸಲಾಯಿನ್ ಬಾಟಲಿಗಿಂತ ಮೊದಲು ಮಂಚ ಸಿಗಬೇಕು. ಇದಕ್ಕೆ ಯಂತ್ರ ಬೇಡ, ದೊಡ್ಡ ಖರ್ಚೂ ಬೇಡ. ಕಲಿತ ಎರಡು ಕೈ, ನೋಡಬಲ್ಲ ಎರಡು ಕಣ್ಣು, ಕೇಳುವ ತಾಳ್ಮೆ ಇದ್ದರೆ ಸಾಕು. ಹಾಗಿದ್ದೂ ನಮ್ಮ ಹಳ್ಳಿಗಳಲ್ಲಿ ಇದೇ ಎಲ್ಲಕ್ಕಿಂತ ಕೊನೆಗೆ ಸಿಗುವ ಚಿಕಿತ್ಸೆಯಾಗಿದೆ.

ತೊಡಕು ಮಾತಿನಿಂದಲೇ ಶುರುವಾಗುತ್ತದೆ. ತಲೆಸುತ್ತು, ತಲಿ ತಿರಗತೈತಿ ಎನ್ನುತ್ತೇವೆ. ಹಾಗೆಂದ ಕೂಡಲೇ ತಪ್ಪೆಲ್ಲ ತಲೆಯ ಮೇಲೆ ಬೀಳುತ್ತದೆ. ತಲೆಯಲ್ಲಿ ರಕ್ತ ಕಡಿಮೆಯಾಯಿತೇ, ಗಡ್ಡೆ ಇದೆಯೇ, ನರ ಹಿಡಿಯಿತೇ ಎಂದು ಹುಡುಕಾಟ ಹೊರಡುತ್ತದೆ. ಆದರೆ ಸುತ್ತಲಿನದೆಲ್ಲ ಗಿರಗಿರ ತಿರುಗಿದಂತೆ ಕಾಣುವ ಬಾಧೆಯ ಬೇರು ಬಹಳ ಸಲ ಇರುವುದು ತಲೆಬುರುಡೆಯ ಗಟ್ಟಿ ಎಲುಬಿನೊಳಗೆ ಅಡಗಿದ ಒಳಗಿವಿಯಲ್ಲಿ. ಕೇಳುವ ಶಂಖದ ಬೆನ್ನಿಗೇ ಸಮತೋಲದ ಅಂಗವಿದೆ. ನಾವು ಕಿವಿಯನ್ನು ಕೇಳುವುದಕ್ಕಷ್ಟೇ ಎಂದುಕೊಂಡಿದ್ದೇವೆ. ನಿಲ್ಲುವುದಕ್ಕೂ ನಡೆಯುವುದಕ್ಕೂ ಅದೇ ಬೇಕು.

ಅದು ಕೆಲಸ ಮಾಡುವ ಬಗೆ ತಿಳಿಯಲು ಒಂದು ತಂಬಿಗೆ ನೀರು ಸಾಕು. ನೀರಿನ ಮೇಲೆ ಒಂದು ಎಸಳು ತೇಲಿಬಿಟ್ಟು ತಂಬಿಗೆಯನ್ನು ಥಟ್ಟನೆ ತಿರುಗಿಸಿ. ತಂಬಿಗೆ ತಿರುಗುತ್ತದೆ, ನೀರು ಒಂದು ಕ್ಷಣ ಇದ್ದಲ್ಲೇ ಉಳಿಯುತ್ತದೆ. ಒಳಗಿವಿಯಲ್ಲೂ ಹೀಗೆಯೇ ಮೂರು ಬಾಗಿದ ಕೊಳವೆಗಳಿವೆ. ಒಂದೊಂದರ ಬಳೆ ಬಟಾಣಿಯಷ್ಟು. ಮೂರೂ ಒಂದಕ್ಕೊಂದು ಅಡ್ಡಡ್ಡವಾಗಿ ಕೂತಿವೆ. ಒಳಗೆ ನೀರಿನಂಥ ದ್ರವ, ಆ ದ್ರವಕ್ಕೆ ಅಡ್ಡವಾಗಿ ಒಂದು ಮೆತ್ತನೆಯ ಪರದೆ, ಪರದೆಯ ಬುಡದಲ್ಲಿ ನರದ ತಂತುಗಳು. ತಲೆ ತಿರುಗಿದಾಗ ಹಿಂದುಳಿದ ದ್ರವ ಪರದೆಯನ್ನು ಬಾಗಿಸುತ್ತದೆ, ನರ ಮಿದುಳಿಗೆ ಸುದ್ದಿ ಕಳಿಸುತ್ತದೆ. ಸುದ್ದಿ ಬಂದ ಕೂಡಲೇ ಕಣ್ಣುಗಳು ತಲೆಯ ಎದುರು ದಿಕ್ಕಿಗೆ ಅಷ್ಟೇ ಸರಿದು ನೋಟವನ್ನು ನಿಲ್ಲಿಸುತ್ತವೆ. ಗದಗ–ಹುಬ್ಬಳ್ಳಿ ರಸ್ತೆಯಲ್ಲಿ ದಡದಡ ನಡೆಯುತ್ತಲೇ ಎದುರಿನ ಬಸ್ಸಿನ ಬೋರ್ಡನ್ನು ನಾವು ಓದಬಲ್ಲೆವಲ್ಲ, ಅದು ಈ ಕೊಳವೆಗಳ ದಯೆ.

ಎರಡೂ ಕಿವಿಯಿಂದ ಹೊಂದಾಣಿಕೆಯ ಸುದ್ದಿ ಬರುವವರೆಗೆ ಜಗತ್ತು ನಿಂತಿರುತ್ತದೆ. ಒಂದು ಕಿವಿ ಸುಳ್ಳು ಸುದ್ದಿ ಕೊಟ್ಟರೆ, ಮೈ ನಿಂತಿದ್ದರೂ ತಿರುಗುತ್ತಿದೆ ಎಂದು ಮಿದುಳು ನಂಬುತ್ತದೆ. ಕಣ್ಣು ತಾನಾಗಿ ಓಡತೊಡಗುತ್ತದೆ. ಮನೆ ತಿರುಗಿದಂತೆ ಕಾಣುವುದು ಅದರಿಂದಲೇ. ಜಾತ್ರೆಯ ತೊಟ್ಟಿಲು ಇಳಿದ ಮೇಲೂ ನೆಲ ತೂಗುವುದು ಇದರದೇ ಚಿಕ್ಕ ಅನುಭವ. ಫ್ರಾನ್ಸಿನ ವಿಜ್ಞಾನಿ ಫ್ಲೂರೆನ್ಸ್ 1824ರ ಸುಮಾರಿಗೆ ಪಾರಿವಾಳಗಳ ಈ ಕೊಳವೆಗಳನ್ನು ಒಂದೊಂದಾಗಿ ಕತ್ತರಿಸಿ ನೋಡಿದ. ಯಾವ ಕೊಳವೆ ಕತ್ತರಿಸಿದನೋ ಆ ಕೊಳವೆಯ ಪಾತಳಿಯಲ್ಲೇ ಹಕ್ಕಿಯ ತಲೆ ಓಲಾಡಿತು. ಒಳಗಿವಿಗೂ ಮೈಯ ಸಮತೋಲಕ್ಕೂ ನಂಟಿದೆ ಎಂಬುದು ಸುಮಾರು ಇನ್ನೂರು ವರ್ಷದ ಹಿಂದೆಯೇ ಬಯಲಾಗಿತ್ತು.

ಹಾಗಿದ್ದೂ ವೈದ್ಯಲೋಕ ತಲೆಯನ್ನೇ ದೂರುತ್ತ ಉಳಿಯಿತು. ಪ್ಯಾರಿಸ್ಸಿನ ಕಿವುಡರ ಸಂಸ್ಥೆಯ ವೈದ್ಯ ಪ್ರಾಸ್ಪರ್ ಮೆನಿಯೇ 1861ರ ಜನವರಿಯಲ್ಲಿ ಅಲ್ಲಿನ ವೈದ್ಯ ಅಕಾಡೆಮಿಯ ಎದುರು ನಿಂತು ಬೇರೆ ಮಾತು ಹೇಳಿದ. ಆಗಿನ ಕಾಲಕ್ಕೆ ಥಟ್ಟನೆ ತಲೆ ತಿರುಗಿ ವಾಂತಿಯಾಗುವವರನ್ನು ಮಿದುಳಿಗೆ ರಕ್ತವೇರಿದೆ ಎಂದು ರಕ್ತ ತೆಗೆಯುತ್ತಿದ್ದರು, ಜಿಗಣೆ ಹಚ್ಚುತ್ತಿದ್ದರು. ಇವರಲ್ಲಿ ಅನೇಕರಿಗೆ ಕಿವಿ ಮಂದವಾಗುತ್ತದೆ, ಕಿವಿಯೊಳಗೆ ಸಪ್ಪಳ ಬರುತ್ತದೆ, ಆದ್ದರಿಂದ ರೋಗ ಮಿದುಳಿನದಲ್ಲ, ಒಳಗಿವಿಯದು ಎಂದು ಮೆನಿಯೇ ವಾದಿಸಿದ. ಮರುವರ್ಷವೇ ಅವನು ತೀರಿಕೊಂಡ, ರೋಗಕ್ಕೆ ಅವನ ಹೆಸರು ಉಳಿಯಿತು. ಜಿಗಣೆಯ ಜಾಗದಲ್ಲಿ ಸಲಾಯಿನ್, ರಕ್ತವೇರಿದ್ದರ ಜಾಗದಲ್ಲಿ ಸವೆದ ಕುತ್ತಿಗೆ ಎಂದು ಬದಲಿಸಿದರೆ ನಮ್ಮ ಅವ್ವನ ಮೂರು ತಿಂಗಳ ಕತೆಯೂ ಅದೇ. ನಡುವಯಸ್ಸು ದಾಟಿದ ಬಹುತೇಕ ಎಲ್ಲರ ಕುತ್ತಿಗೆಯ ಎಕ್ಸ್‌ರೇಯಲ್ಲೂ ಎಲುಬು ಸ್ವಲ್ಪ ಸವೆದೇ ಕಾಣುತ್ತದೆ. ಕಂಡದ್ದೆಲ್ಲ ಕಾರಣವಾಗುವುದಿಲ್ಲ.

ಒಳಗಿವಿಯಿಂದ ತಲೆ ತಿರುಗುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಅವನ್ನು ಬೇರ್ಪಡಿಸುವ ದೊಡ್ಡ ಗುರುತು ಕಾಲ. ಒಂದು ಸೆಕೆಂಡುಗಳದು, ಒಂದು ಗಂಟೆಗಳದು, ಒಂದು ದಿನಗಳದು.

ಸೆಕೆಂಡುಗಳದ್ದೇ ಎಲ್ಲಕ್ಕಿಂತ ಸಾಮಾನ್ಯ. ವೈದ್ಯರು ಇದನ್ನು ಬಿ.ಪಿ.ಪಿ.ವಿ. ಎನ್ನುತ್ತಾರೆ. ಇದಕ್ಕೂ ಬಿ.ಪಿ.ಗೂ ಸಂಬಂಧವಿಲ್ಲ. ಒಳಗಿವಿಯ ಒಂದು ಚೀಲದಲ್ಲಿ ಸುಣ್ಣದ ಸಣ್ಣ ಹರಳುಗಳು ಅಂಟಿಕೊಂಡಿರುತ್ತವೆ. ಸುಣ್ಣದ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೋನೇಟೇ ಅದು. ಒಂದೊಂದು ಹರಳು ಸುಮಾರು ಮಿಲಿಮೀಟರಿನ ನೂರನೇ ಒಂದು ಪಾಲು. ನೆಲ ಯಾವ ಕಡೆಗಿದೆ, ತಲೆ ಎಷ್ಟು ವಾಲಿದೆ ಎಂದು ತಿಳಿಸುವುದು ಅವುಗಳ ಕೆಲಸ. ವಯಸ್ಸಾದಂತೆ, ತಲೆಗೆ ಪೆಟ್ಟು ಬಿದ್ದಾಗ, ಕೆಲವೊಮ್ಮೆ ಯಾವ ಕಾರಣವೂ ಕಾಣದೆ, ಹರಳು ಕಿತ್ತು ಕೊಳವೆಯೊಳಗೆ ಸೇರಿಬಿಡುತ್ತದೆ. ಹೆಚ್ಚಿನ ಸಲ ಅದು ಸೇರುವುದು ಕೆಳಗಿರುವ ಹಿಂಬದಿಯ ಕೊಳವೆಗೆ. ಮಗ್ಗಲು ಹೊರಳಿದಾಗ, ಕತ್ತೆತ್ತಿ ನೆಲುವು ನೋಡಿದಾಗ, ಒಲೆಯ ಮುಂದೆ ಬಗ್ಗಿದಾಗ ಹರಳು ಕೊಳವೆಯಲ್ಲಿ ಉರುಳುತ್ತದೆ, ದ್ರವವನ್ನು ಎಳೆಯುತ್ತದೆ, ತಲೆ ತಿರುಗುತ್ತಿದೆ ಎಂಬ ಸುಳ್ಳು ಸುದ್ದಿ ಹೊರಡುತ್ತದೆ. ಹರಳು ತಳ ಮುಟ್ಟಿ ನಿಂತರೆ ತಿರುಗುವುದೂ ನಿಲ್ಲುತ್ತದೆ. ಆದ್ದರಿಂದಲೇ ಅದು ಒಂದು ನಿಮಿಷದೊಳಗೆ ಮುಗಿಯುತ್ತದೆ. ಜರ್ಮನಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನೂರರಲ್ಲಿ ಸುಮಾರು 2.4 ಜನಕ್ಕೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಹೆಂಗಸರಲ್ಲಿ, ಐವತ್ತು ದಾಟಿದವರಲ್ಲಿ ಹೆಚ್ಚು.

ಇದನ್ನು ಮೊದಲು ಸ್ಪಷ್ಟವಾಗಿ ಬರೆದಿಟ್ಟವರು ವೈದ್ಯ ರಾಬರ್ಟ್ ಬಾರಾನಿ. ಒಳಗಿವಿಯ ಸಮತೋಲದ ಅಂಗದ ಕುರಿತ ಕೆಲಸಕ್ಕೆ 1914ರ ನೊಬೆಲ್ ಬಂದಾಗ ಅವರು ರಷ್ಯದಲ್ಲಿ ಯುದ್ಧಕೈದಿ. ಅವರ ಮುಖ್ಯ ಶೋಧ ಹುಟ್ಟಿದ್ದು ರೋಗಿಯ ದೂರಿನಿಂದ. ಕಿವಿಗೆ ನೀರು ಹಾಯಿಸಿ ತೊಳೆಯುವಾಗ, ನೀರು ತಣ್ಣಗಿದ್ದರೆ ತಲೆ ತಿರುಗುತ್ತದೆ ಎಂದು ಒಬ್ಬ ರೋಗಿ ಹೇಳಿದ. ಬಿಸಿ ಹೆಚ್ಚಾದಾಗಲೂ ತಿರುಗಿತು, ಆಗ ಕಣ್ಣು ಓಡಿದ್ದು ಎದುರು ದಿಕ್ಕಿಗೆ. ಬಿಸಿಗೂ ತಂಪಿಗೂ ಒಳಗಿನ ದ್ರವ ಹರಿಯುತ್ತದೆ ಎಂದು ಬಾರಾನಿ ಊಹಿಸಿದರು. ಇಂದಿಗೂ ಅದು ಒಳಗಿವಿಯ ಒಂದು ಪರೀಕ್ಷೆ. 1921ರಲ್ಲಿ ಅವರೇ ಇನ್ನೊಬ್ಬ ರೋಗಿಯ ಬಗ್ಗೆ ಬರೆದರು. ಇಪ್ಪತ್ತೇಳರ ಆ ಹೆಣ್ಣುಮಗಳು ಬಲಮಗ್ಗಲಿಗೆ ಮಲಗಿದಾಗ ಮಾತ್ರ ತಲೆ ತಿರುಗುತ್ತದೆ ಎಂದಿದ್ದಳು. ನೂರು ವರ್ಷದ ಮೇಲೆ ಬಿಂಕದಕಟ್ಟಿಯಲ್ಲಿ ನನ್ನ ಅವ್ವ ಹೇಳಿದ್ದೂ ಅದೇ ಮಾತು. ಅವಳ ಮಾತು ಕೇಳಿಸಿಕೊಳ್ಳಲು ಮಾತ್ರ ಮೂರು ತಿಂಗಳು ಬೇಕಾಯಿತು.

ಗದಗಿನ ಆ ತಜ್ಞರು ಮಾಡಿದ್ದನ್ನು ನಾನು ಮಂಚದ ಪಕ್ಕದಲ್ಲೇ ನಿಂತು ನೋಡಿದೆ. ಅವ್ವನನ್ನು ಮಂಚದ ಮೇಲೆ ಕಾಲು ಚಾಚಿ ಕೂರಿಸಿದರು. ತಲೆಯನ್ನು ಬಲಕ್ಕೆ ಅರ್ಧ ತಿರುಗಿಸಿ, "ಅವ್ವಾರ, ಹೆದರಬ್ಯಾಡ್ರಿ, ಕಣ್ಣ ಮುಚ್ಚಬ್ಯಾಡ್ರಿ, ನನ್ನ ಮೂಗ ನೋಡ್ರಿ" ಎನ್ನುತ್ತ ಒಮ್ಮೆಲೇ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಕೆಳಗೆ ತುಸು ಜೋತಿತ್ತು. ಎರಡು ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ಅವ್ವ ಚೀರಿ ಅವರ ತೋಳು ಹಿಡಿದಳು. ನಾನು ಅವಳ ಕಣ್ಣು ನೋಡಿದೆ. ಕಪ್ಪುಗುಡ್ಡೆ ಕೆಳಗಿದ್ದ ಕಿವಿಯ ಕಡೆಗೆ ತಿರುಚಿಕೊಳ್ಳುತ್ತ ಮೇಲಕ್ಕೆ ಜಿಗಿಯುತ್ತಿತ್ತು, ಮತ್ತೆ ಇಳಿಯುತ್ತಿತ್ತು, ಮತ್ತೆ ಜಿಗಿಯುತ್ತಿತ್ತು. ಅವಳ ಜಗತ್ತು ತಿರುಗುವುದನ್ನು ನಾನು ಹೊರಗಿನಿಂದ ಕಣ್ಣಾರೆ ಕಂಡೆ. ಇಪ್ಪತ್ತು ಸೆಕೆಂಡಿನಲ್ಲಿ ಕಣ್ಣು ನಿಂತಿತು. ಮೂರು ತಿಂಗಳಿನಿಂದ ಯಾರೂ ಆ ಕಣ್ಣನ್ನು ನೋಡಿರಲಿಲ್ಲ. ಇಂಗ್ಲೆಂಡಿನ ಡಿಕ್ಸ್ ಮತ್ತು ಹಾಲ್‌ಪೈಕ್ ಈ ಪರೀಕ್ಷೆಯನ್ನು 1952ರಲ್ಲಿ ವಿವರಿಸಿದ್ದರು.

ಪರೀಕ್ಷೆಯಿಂದಲೇ ಚಿಕಿತ್ಸೆಗೆ ದಾಟಿದರು. ಕಣ್ಣು ನಿಂತ ಮೇಲೆ ತಲೆಯನ್ನು ನಿಧಾನ ಎಡಕ್ಕೆ ತಿರುಗಿಸಿ ಅರೆ ನಿಮಿಷ ಹಿಡಿದರು. ಆಮೇಲೆ ಇಡೀ ಮೈಯನ್ನು ಎಡಮಗ್ಗಲಿಗೆ ಹೊರಳಿಸಿ ಮುಖ ನೆಲ ನೋಡುವಂತೆ ಮಾಡಿ ಮತ್ತೆ ಅರೆ ನಿಮಿಷ. ಕೊನೆಗೆ ಗದ್ದವನ್ನು ಎದೆಗೆ ಬಾಗಿಸಿಕೊಂಡು ಎಬ್ಬಿಸಿ ಕೂರಿಸಿದರು. ಬಾಗಿದ ಕೊಳವೆಯಲ್ಲಿ ಸಿಕ್ಕ ಹರಳನ್ನು ಹಂತಹಂತವಾಗಿ ಉರುಳಿಸಿ, ಬಂದ ದಾರಿಯಿಂದಲೇ ತನ್ನ ಚೀಲಕ್ಕೆ ಸೇರಿಸುವ ಉಪಾಯ ಇದು. ಅಮೆರಿಕದ ಪೋರ್ಟ್‌ಲ್ಯಾಂಡಿನ ಜಾನ್ ಎಪ್ಲಿ ಇದನ್ನು 1980ರಲ್ಲಿ ತೋರಿಸಿದಾಗ ಸಹೋದ್ಯೋಗಿಗಳು ನಂಬಲಿಲ್ಲ. ವಿವರವಾದ ಲೇಖನ ಪ್ರಕಟವಾಗಲು 1992 ಬರಬೇಕಾಯಿತು. ಇಂದು ಇದು ಜಗತ್ತಿನೆಲ್ಲೆಡೆ ಒಪ್ಪಿದ ಚಿಕಿತ್ಸೆ. ಒಂದು ಸಲದಿಂದ ಮೂರು ಸಲದೊಳಗೆ ಹತ್ತರಲ್ಲಿ ಎಂಟು ಜನಕ್ಕೆ ಗುಣ ಕಾಣುತ್ತದೆ. "ಇಷ್ಟ ಏನ್ರೀ ಸಾಹೇಬ್ರ?" ಎಂದು ಅವ್ವ ಕೇಳಿದಳು. ಆ ಪ್ರಶ್ನೆಯಲ್ಲಿ ನೆಮ್ಮದಿಯಷ್ಟೇ ನೋವೂ ಇತ್ತು.

ಗುಳಿಗೆ ಯಾಕೆ ನಾಟಲಿಲ್ಲ ಎಂಬುದು ಈಗ ತಾನಾಗಿ ತಿಳಿಯುತ್ತದೆ. ಕೊಳವೆಯಲ್ಲಿ ಸಿಕ್ಕ ಕಲ್ಲನ್ನು ಯಾವ ಗುಳಿಗೆಯೂ ಸರಿಸಲಾರದು. ಪ್ರೋಕ್ಲೋರ್‌ಪೆರಜೈನ್, ಸಿನ್ನಾರಿಜೈನ್‌ನಂಥ ಮದ್ದುಗಳು ಒಳಗಿವಿಯ ಸುದ್ದಿಯನ್ನೇ ಮಂದ ಮಾಡುತ್ತವೆ. ವಾಂತಿ ತಡೆಯಲು ಒಂದೆರಡು ದಿನ ಅವು ಉಪಕಾರಿ. ತಿಂಗಳುಗಟ್ಟಲೆ ನುಂಗಿದರೆ ಮುದುಕರಿಗೆ ಮಂಪರು ಕವಿಯುತ್ತದೆ, ನಡಿಗೆ ತಡವರಿಸುತ್ತದೆ, ಕೆಲವರಿಗೆ ಕೈ ನಡುಕ ಮತ್ತು ಮೈ ಬಿಗಿತವೂ ಬರುತ್ತದೆ. ಬೀಳದಿರಲಿ ಎಂದು ಕೊಟ್ಟ ಗುಳಿಗೆಯೇ ಬೀಳಿಸುತ್ತದೆ. ಬಿ.ಪಿ.ಪಿ.ವಿ.ಗೆ ಇಂಥ ಮದ್ದನ್ನು ರೂಢಿಯಂತೆ ಬರೆಯಬೇಡಿ ಎಂದು ಅಮೆರಿಕದ ಕಿವಿ ಮೂಗು ಗಂಟಲು ವೈದ್ಯರ ಅಕಾಡೆಮಿ 2017ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಬೇರೆ ಲಕ್ಷಣವಿಲ್ಲದಿದ್ದರೆ ಸ್ಕ್ಯಾನ್ ಬೇಡ ಎಂದೂ ಹೇಳಿದೆ. ಹರಳು ಮತ್ತೆ ಕಿತ್ತು ಬರುವುದುಂಟು, ಅದನ್ನು ಮುಚ್ಚಿಡಬಾರದು. ಕೊರಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಡಿ ಜೀವಸತ್ವ ಕಡಿಮೆಯಿದ್ದವರಿಗೆ ಅದನ್ನೂ ಕ್ಯಾಲ್ಸಿಯಂ ಅನ್ನೂ ಕೊಟ್ಟಾಗ ಮರಳುವುದು ಶೇಕಡಾ 24ರಷ್ಟು ತಗ್ಗಿತು.

ದಿನಗಟ್ಟಲೆ ತಿರುಗುವುದು ಎರಡನೆಯ ಬಗೆ. ಒಳಗಿವಿಯ ಸಮತೋಲದ ನರಕ್ಕೆ ಬಾವು ಬರುತ್ತದೆ. ವೈರಾಣುವಿನ ಸೋಂಕು ಇದರ ಹಿಂದಿರುತ್ತದೆ ಎಂದು ನಂಬಲಾಗಿದೆ. ಬೆಳಿಗ್ಗೆ ಹಿಡಿದ ತಿರುಗು ಸಂಜೆಗೂ ಬಿಡದು, ಮಲಗಿದರೂ ಬಿಡದು, ಎರಡು ಮೂರು ದಿನ ನೀರೂ ನಿಲ್ಲದಂತೆ ವಾಂತಿ. ಕಿವಿ ಮಾತ್ರ ಚೆನ್ನಾಗಿ ಕೇಳುತ್ತದೆ. ಬಾವು ಶಂಖಕ್ಕೂ ಹಬ್ಬಿದರೆ ಕಿವಿಯೂ ಮಂದವಾಗುತ್ತದೆ. ಇಲ್ಲಿ ವಾಂತಿಯಿಂದ ಬತ್ತಿದ ಮೈಗೆ ಸಲಾಯಿನ್ ಬೇಕಾಗಬಹುದು, ತಿರುಗು ತಡೆಯುವ ಗುಳಿಗೆಯೂ ಮೊದಲ ಎರಡು ಮೂರು ದಿನಕ್ಕೆ ನ್ಯಾಯ. ಆಮೇಲೆ ಅದನ್ನು ನಿಲ್ಲಿಸಬೇಕು. ನರ ಪೂರ್ತಿ ಚೇತರಿಸದಿದ್ದರೂ ಉಳಿದ ಕಿವಿಯ ಸುದ್ದಿಯನ್ನೂ ಕಣ್ಣು ಕಾಲುಗಳ ಸುದ್ದಿಯನ್ನೂ ಸೇರಿಸಿ ಮಿದುಳು ಹೊಸ ಲೆಕ್ಕ ಕಲಿಯುತ್ತದೆ. ಮಂಪರಿನಲ್ಲಿ ಅದು ಕಲಿಯಲಾರದು. ಶುರುವಿನಲ್ಲೇ ಸ್ಟೆರಾಯ್ಡ್ ಕೊಟ್ಟರೆ ಕೊಳವೆಗಳ ಶಕ್ತಿ ಹೆಚ್ಚು ಮರಳುತ್ತದೆ, ವೈರಾಣು ಮದ್ದಿನಿಂದ ಲಾಭವಿಲ್ಲ ಎಂದು ಜರ್ಮನಿಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಆದರೆ ನಿಜವಾದ ಮದ್ದು ಎದ್ದು ನಡೆಯುವುದು.

ಈ ಮಾತು ನಮ್ಮ ಮನೆಗಳಿಗೆ ಒಪ್ಪಿಗೆಯಾಗುವುದು ಕಷ್ಟ. ತಲೆ ತಿರುಗಿದವರನ್ನು ಮಲಗಿಸುವುದೇ ನಮ್ಮ ಪ್ರೀತಿ. "ಅತ್ತಿ, ನೀವು ಏಳಬ್ಯಾಡ್ರಿ" ಎಂದು ಸೊಸೆ ಎಲ್ಲವನ್ನೂ ಹಾಸಿಗೆಗೇ ತಂದುಕೊಡುತ್ತಾಳೆ. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಕಾಥೋರ್ನ್ ಮತ್ತು ಕುಕ್ಸಿ ತಲೆಗೆ ಪೆಟ್ಟಾದ, ಒಳಗಿವಿ ಕೆಟ್ಟ ರೋಗಿಗಳಿಗೆ ರೂಪಿಸಿದ ವ್ಯಾಯಾಮಗಳು ಹೇಳುವುದು ಬೇರೆ. ಮೊದಲು ಕೂತು ಕಣ್ಣಷ್ಟೇ ಆಡಿಸುವುದು, ಆಮೇಲೆ ತಲೆ ಆಡಿಸುವುದು, ಆಮೇಲೆ ನಿಲ್ಲುವುದು, ಚೆಂಡು ಎಸೆದು ಹಿಡಿಯುವುದು, ಮೆಟ್ಟಿಲು ಹತ್ತಿ ಇಳಿಯುವುದು. ತಲೆ ಸ್ವಲ್ಪ ತಿರುಗಿದಾಗಲೇ ಮಿದುಳು ಕಲಿಯುವುದು. ಗೋಡೆ ಹಿಡಿದು ಅಂಗಳಕ್ಕೆ, ಒಬ್ಬರ ತೋಳು ಹಿಡಿದು ಓಣಿಗೆ, ಆಮೇಲೆ ಒಬ್ಬರೇ ಗುಡಿಯವರೆಗೆ ಹೀಗೆ ನಡೆಸುವುದೇ ಇಲ್ಲಿ ದೊಡ್ಡ ಪ್ರೀತಿ.

ಮೂರನೆಯದು ಗಂಟೆಗಳದು, ಮೆನಿಯೇ ರೋಗ. ಒಳಗಿವಿಯ ಒಳದ್ರವ ಉಕ್ಕಿ ಅದರ ಚೀಲ ಉಬ್ಬುತ್ತದೆ. ಒಂದು ಕಿವಿ ಹತ್ತಿ ತುರುಕಿದಂತೆ ಬಿಗಿಯುತ್ತದೆ, ಒಳಗೆ ಗುಂಯ್ ಎಂಬ ಸಪ್ಪಳ ಏಳುತ್ತದೆ, ಕೇಳುವುದು ಮಂದವಾಗುತ್ತದೆ. ಅದರ ಜತೆಗೇ ಇಪ್ಪತ್ತು ನಿಮಿಷದಿಂದ ಹನ್ನೆರಡು ಗಂಟೆಯವರೆಗೆ ತಿರುಗು. ಬಿಟ್ಟ ಮೇಲೆ ಕಿವಿ ಮತ್ತೆ ತಿಳಿಯಾಗುತ್ತದೆ, ಆದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪವಾಗಿ ಶ್ರವಣ ಸವೆಯುತ್ತದೆ. ಆದ್ದರಿಂದ ಶ್ರವಣ ಪರೀಕ್ಷೆಯಿಲ್ಲದೆ ಈ ರೋಗದ ಹೆಸರು ಹೇಳಬಾರದು. ಉಪ್ಪು ಕಡಿಮೆ ಮಾಡಿ ಎನ್ನುವುದು ಹಳೆಯ ಸಲಹೆ. ಅದಕ್ಕೆ ಗಟ್ಟಿ ಪ್ರಯೋಗದ ಬಲ ಕಡಿಮೆ, ಆದರೂ ಉಪ್ಪಿನಕಾಯಿ, ಹಪ್ಪಳ, ಖಾರ ಚುರುಮುರಿ ತಗ್ಗಿಸಿದರೆ ಕೇಡಿಲ್ಲ. ನಮ್ಮಲ್ಲಿ ಧಾರಾಳವಾಗಿ ಬರೆಯುವ ಬೀಟಾಹಿಸ್ಟಿನ್ ಗುಳಿಗೆಯ ಕತೆ ಎಚ್ಚರದಿಂದ ಓದಬೇಕಾದ್ದು. ಜರ್ಮನಿಯಲ್ಲಿ 221 ಮೆನಿಯೇ ರೋಗಿಗಳಿಗೆ ಒಂಬತ್ತು ತಿಂಗಳು ಕೊಟ್ಟು ನೋಡಿ 2016ರಲ್ಲಿ ಫಲ ಪ್ರಕಟಿಸಿದರು. ಬೀಟಾಹಿಸ್ಟಿನ್ ನುಂಗಿದವರಲ್ಲೂ ಮದ್ದಿಲ್ಲದ ಹುಸಿಗುಳಿಗೆ ನುಂಗಿದವರಲ್ಲೂ ತಿರುಗು ಒಂದೇ ಸಮ ಕಡಿಮೆಯಾಗಿತ್ತು. ರೋಗವೇ ಏರಿಳಿಯುವ ಸ್ವಭಾವದ್ದು, ಇಳಿದಾಗ ನಾವು ಗುಳಿಗೆಗೆ ಕೈಮುಗಿಯುತ್ತೇವೆ. ತಡೆಯಲಾರದವರಿಗೆ ಕಿವಿಪರದೆಯ ಮೂಲಕ ಸ್ಟೆರಾಯ್ಡ್ ಸೂಜಿಮದ್ದು ಕೊಡುವುದುಂಟು. ಲಂಡನ್ನಿನಲ್ಲಿ 60 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಅದು, ಶ್ರವಣಕ್ಕೆ ಅಪಾಯವಿರುವ ಜೆಂಟಾಮೈಸಿನ್ ಸೂಜಿಯಷ್ಟೇ ಫಲ ಕೊಟ್ಟಿತು. ಈ ಹಂತ ತಜ್ಞರದು. ಆದರೆ ರೋಗಿಯನ್ನು ತಜ್ಞರ ಬಳಿಗೆ ದಾಟಿಸುವುದು ಊರ ಬಳಿಯ ವೈದ್ಯರ ಕೆಲಸ.

ಇನ್ನು ನನ್ನ ವಾದಕ್ಕೆ ಬರಬಹುದಾದ ಆಕ್ಷೇಪಗಳು. ಮೊದಲನೆಯದು ಅತ್ಯಂತ ತೂಕದ್ದು: ಕಿವಿಯದೆಂದು ಬಿಟ್ಟರೆ ಪಾರ್ಶ್ವವಾಯು ತಪ್ಪಿಹೋಗದೇ? ಹೌದು, ಆ ಭಯ ಸರಿಯಾದದ್ದು. ಮಿದುಳಿನ ಹಿಂಭಾಗಕ್ಕೆ ರಕ್ತ ನಿಂತರೂ ದಿನಗಟ್ಟಲೆ ತಲೆ ತಿರುಗುತ್ತದೆ. ಮಾತು ತೊದಲಿದರೆ, ಒಂದು ಕೈ ಕಾಲು ಸೋತರೆ, ಮುಖ ವಾರೆಯಾದರೆ, ಒಂದು ವಸ್ತು ಎರಡಾಗಿ ಕಂಡರೆ, ಹಿಂದೆಂದೂ ಇಲ್ಲದ ತಲೆನೋವು ಬಂದರೆ, ಹಿಡಿದುಕೊಂಡರೂ ನಿಲ್ಲಲಾಗದಿದ್ದರೆ, ಒಂದು ಕಿವಿ ಒಮ್ಮೆಲೇ ಕೇಳದಾದರೆ ಒಂದು ನಿಮಿಷವೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜಿಲ್ಲೆಗೆ ಗದಗಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸುಮಾರು ಅರವತ್ತು ಕಿಲೋಮೀಟರು. ಆದರೆ ಈ ಭಯ ನನ್ನ ವಾದವನ್ನು ಗಟ್ಟಿ ಮಾಡುತ್ತದೆಯೇ ಹೊರತು ಮುರಿಯುವುದಿಲ್ಲ. ದಿನವಿಡೀ ತಿರುಗುತ್ತಿರುವವರಲ್ಲಿ ತರಬೇತಾದ ವೈದ್ಯರು ಕಣ್ಣಿನ ಚಲನೆಯನ್ನು ನೋಡಿ ಪಾರ್ಶ್ವವಾಯುವನ್ನು ಗುರುತಿಸುವುದು, ಮೊದಲ 48 ಗಂಟೆಯ ಎಂ.ಆರ್.ಐ.ಗಿಂತಲೂ ನೆಚ್ಚಿಕೆಯದು ಎಂದು ಅಮೆರಿಕದ ವೈದ್ಯರು 2009ರಲ್ಲಿ ತೋರಿಸಿದರು. ಕಣ್ಣು ನೋಡದೆ ಸಲಾಯಿನ್ ಹಚ್ಚಿ ಕಳಿಸುವಲ್ಲಿ ಹರಳೂ ತಪ್ಪಿಹೋಗುತ್ತದೆ, ಪಾರ್ಶ್ವವಾಯುವೂ ತಪ್ಪಿಹೋಗುತ್ತದೆ.

ಎರಡನೆಯ ಆಕ್ಷೇಪ: ಹಳ್ಳಿಯ ರೋಗಿಗೆ ತನ್ನ ಬಾಧೆ ಬಿಡಿಸಿ ಹೇಳಲು ಬರುವುದಿಲ್ಲ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ಮಾತು ಇದರಲ್ಲಿ ಬಡವಲ್ಲ. "ಮನಿ ತಿರಗಿಧಂಗಾತು" ಎಂದರೆ ಒಂದು, "ಕಣ್ಣಿಗೆ ಕತ್ತಲಿ ಬಂತು, ಬವಳಿ ಬಂತು" ಎಂದರೆ ಇನ್ನೊಂದು, "ನಡದ್ರ ಜೋಲಿ ಹೋಗತೈತಿ" ಎಂದರೆ ಮತ್ತೊಂದು. ಕಣ್ಣಿಗೆ ಕತ್ತಲೆ ಬರುವವರಲ್ಲಿ ರಕ್ತದೊತ್ತಡ, ರಕ್ತಹೀನತೆ, ಸಕ್ಕರೆ, ಹೃದಯ ನೋಡಬೇಕು. ಅವರಿಗೆ ಮೊದಲು ನೋಡಬೇಕಾದ್ದು ಕಿವಿಯಲ್ಲ. ಆದರೆ ಇಷ್ಟಕ್ಕೇ ನಿಂತರೂ ಸಾಲದು. ಹೇಗಾಗುತ್ತದೆ ಎಂದು ಅದೇ ರೋಗಿಗಳನ್ನು ಕೆಲವೇ ನಿಮಿಷ ಬಿಟ್ಟು ಮತ್ತೆ ಕೇಳಿದರೆ ಅರ್ಧಕ್ಕಿಂತ ಹೆಚ್ಚು ಜನ ಬೇರೆ ಉತ್ತರ ಕೊಟ್ಟರು ಎಂಬುದು ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದಿದೆ. ಎಷ್ಟು ಹೊತ್ತು, ಏನು ಮಾಡಿದಾಗ ಎಂಬುದರಲ್ಲಿ ಜನ ಹೆಚ್ಚು ಸ್ಥಿರ. ಹಾಗಾಗಿ "ಹೆಂಗಾಗತೈತಿ" ಎಂಬ ಒಂದೇ ಪ್ರಶ್ನೆಗೆ ನಿಲ್ಲದೆ "ಯಾವಾಗ? ಎಷ್ಟೊತ್ತು?" ಎಂದು ಕೇಳಬೇಕು. ಇದಕ್ಕೆ ಉತ್ತರ ಹೇಳಲಾರದ ಅಜ್ಜಿಯನ್ನು ನಾನು ನೋಡಿಲ್ಲ.

ಮೂರನೆಯದು ಹೊತ್ತಿನ ಮಾತು. ಬಾಗಿಲಲ್ಲಿ ನೂರು ಜನ ಕಾದಿರುವಾಗ ಮಂಚಕ್ಕೆ ಹೊತ್ತೆಲ್ಲಿ? ವೈದ್ಯರ ಈ ಕಷ್ಟ ನಿಜ. ಆದರೆ ಲೆಕ್ಕ ಹಾಕಿ ನೋಡೋಣ. ಐದು ನಿಮಿಷದಲ್ಲಿ ಮುಗಿಯುವ ರೋಗಿ ಗುಳಿಗೆ ಹಿಡಿದು ಹೋದರೆ ಮತ್ತೆ ಮತ್ತೆ ಅದೇ ಸಾಲಿನಲ್ಲಿ ನಿಲ್ಲುತ್ತಾಳೆ. ಅವಳ ಕೂಲಿ ಹೋಗುತ್ತದೆ, ಜತೆಗೆ ಬಂದ ಮಗನ ಕೂಲಿಯೂ ಹೋಗುತ್ತದೆ. ಒಂದು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ತೊಡೆಯ ಎಲುಬು ಮುರಿದರೆ ಆ ಮನೆ ವರ್ಷಗಟ್ಟಲೆ ಏಳುವುದಿಲ್ಲ. ರೋಗಿಗಳೇ ಸೂಜಿ ಬೇಡುತ್ತಾರೆ ಎಂಬ ಮಾತೂ ಇದೆ. ಬೇಡುತ್ತಾರೆ, ಯಾಕೆಂದರೆ ಮೈ ಮುಟ್ಟಿ ನೋಡಿದ ಚಿಕಿತ್ಸೆಯೆಂದು ಅವರಿಗೆ ಗೊತ್ತಿರುವುದು ಅದೊಂದೇ. ತಲೆಯನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸುವ ವೈದ್ಯರನ್ನು ಒಮ್ಮೆ ಕಂಡವರು ಮತ್ತೆ ಬಾಟಲಿ ಬೇಡುವುದಿಲ್ಲ.

ಆದ್ದರಿಂದ ಈ ಕೌಶಲ ತಜ್ಞರ ಕೋಣೆಯಿಂದ ಹೊರಗೆ ಬರಬೇಕು. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಸರ್ಕಾರಿ ಆಸ್ಪತ್ರೆಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳಿಗೆ, ಫಿಸಿಯೋಥೆರಪಿಯವರಿಗೆ ಇದನ್ನು ಕಲಿಸಬಹುದು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿ ಕಲಿತ ಶ್ರವಣತಜ್ಞರು ನಾಡೆಲ್ಲ ಹರಡಿದ್ದಾರೆ. ಜಿಲ್ಲೆಯ ವೈದ್ಯಕೀಯ ಕಾಲೇಜಿನಲ್ಲಿ ಕಲಿಯುವ ಪ್ರತಿ ವಿದ್ಯಾರ್ಥಿಯೂ ಹೊರಬೀಳುವ ಮುನ್ನ ಹತ್ತು ಜನರ ಕಣ್ಣನ್ನು ಹೀಗೆ ಮಂಚದ ಮೇಲೆ ನೋಡಿರಬೇಕು ಎಂಬ ನಿಯಮ ಸಾಕು, ಹತ್ತು ವರ್ಷದಲ್ಲಿ ಜಿಲ್ಲೆ ಬದಲಾದೀತು. ಆಶಾ ಕಾರ್ಯಕರ್ತೆಯರಿಗೆ ಮೂರು ಪ್ರಶ್ನೆಯನ್ನೂ ಅಪಾಯದ ಗುರುತುಗಳನ್ನೂ ಹೇಳಿಕೊಟ್ಟರೆ ಯಾರನ್ನು ಎಲ್ಲಿಗೆ ಕಳಿಸಬೇಕೆಂಬುದು ಓಣಿಯಲ್ಲೇ ತೀರ್ಮಾನವಾಗುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಫೋನಿನಲ್ಲಿ ವಿಡಿಯೋ ನೋಡಿ ಯಾವ ಕಿವಿ ಎಂದು ತಿಳಿಯದೆ, ಕುತ್ತಿಗೆಯ ಎಲುಬಿನ ರೋಗವಿದ್ದವರ ತಲೆಯನ್ನು ಹಿಡಿದು ತಿರುಗಿಸುವ ಸಾಹಸ ಬೇಡ. ಮೊದಲ ಸಲ ಬಲ್ಲವರ ಕೈಯಲ್ಲೇ ಆಗಬೇಕು. ಕೊಳವೆ ಯಾವುದೆಂದು ಖಾತ್ರಿಯಾದ ಮೇಲೆ ಅವರೇ ಮನೆಯಲ್ಲಿ ಮಾಡುವ ಬಗೆ ಹೇಳಿಕೊಡುತ್ತಾರೆ.

ಅವ್ವನಿಗೆ ಕಳೆದ ಮಳೆಗಾಲದಲ್ಲಿ ಮತ್ತೊಮ್ಮೆ ತಿರುಗಿತು. ಈ ಸಲ ಅವಳು ಚೀರಲಿಲ್ಲ. ಹಾಸಿಗೆಯಲ್ಲೇ ಕಣ್ಣು ಬಿಟ್ಟು ಎಣಿಸುತ್ತ ಮಲಗಿದ್ದು, ನಿಂತ ಮೇಲೆ ನನ್ನನ್ನು ಕರೆದು "ಇಪ್ಪತ್ತೆಣಿಸೂದ್ರಾಗ ನಿಂತಿತು, ಬಲಕ್ಕ" ಎಂದಳು. ಮರುದಿನ ಗದಗಿಗೆ ಹೋಗಿ ಬಂದೆವು. ಅದೇ ಮಂಚ, ಅದೇ ಐದು ನಿಮಿಷ.

ಅದಾಗಿ ಒಂದು ತಿಂಗಳಿಗೆ ಎದುರು ಮನೆಯ ಚಿಗವ್ವ ತಲೆ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದು ಕೂತಳು. ಪಿತ್ತ ಏರೈತೇನೋ, ಸಲಾಯಿನ್ ಹಚ್ಚಿಸಿಕೊಂಡು ಬರಲೇನೋ ಎಂದಳು. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಬಂದು ಅವಳ ಪಕ್ಕ ಕೂತು ಮೊದಲು ಕೇಳಿದ ಮಾತು, "ಯಾವ ಮಗ್ಗಲಕ ಹೊಳ್ಳಿದಾಗ ಬಂತವಾ?"